ದೋಣಿಗೆ ಎಣ್ಣೆ

ಕಾಸರಕೋಡು, ಹೊನ್ನಾವರ ತಾಲೂಕು
ತಾ. ೧೧–೨–೧೯೬೮

ಅಣ್ಣಾ,

ನಿನ್ನ ಕಾಗದ ಬಂದು ಇಂದಿಗೆ ಒಂಬತ್ತು ದಿನವಾಯಿತು. ನೀನು ಬರೆದದ್ದು ನಿನ್ನ ಭಾವನ ಹೆಸರಿಗೆ, ಉತ್ತರ ಬರೆಯುತ್ತಿರುವವಳು ಅವರ ಹೆಂಡತಿ, ನಿನ್ನ ತಂಗಿ ನಾನು. ನಾಲ್ಕನೇ ಇಯತ್ತೆಯವರೆಗೆ ಕಲಿತ ಕೈ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕಾಗದದಲ್ಲಿ ಮೊದಲು ಕ್ಷೇಮ ಬರೆಯುವುದು ಪದ್ಧತಿ. ನಾವು ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮಲಗುತ್ತೇವೆ, ಯಾರಿಗೂ ಜ್ವರವಿಲ್ಲ. ಕ್ಷೇಮ ಅಂದರೆ ಇಷ್ಟೇ ಆದರೆ ನಾವು ಕ್ಷೇಮ.

ನೀನು ನಮ್ಮ ಮಗಳು ಬೆಳ್ಳಿಯನ್ನು ನಿನ್ನ ಮಗ ವೆಂಕಟನಿಗೆ ಕೇಳಿದ್ದೀ. ಸೋದರಮಾವನ ಮನೆಯ ಹಕ್ಕು ಅದು, ಹುಡುಗಿಯನ್ನು ಹೊರಗಿನವರಿಗೆ ಕೊಡುವುದು ಬೇಡ, ಹಳೆಯದನ್ನೆಲ್ಲ ಮರೆತುಬಿಡುವ ಅಂತ ಬರೆದಿದ್ದೀ. ಮರೆತುಬಿಡುವ! ಎಷ್ಟು ಸಲೀಸಾಗಿ ಬರೆದೆ ಮಾರಾಯಾ. ಪೆನ್ನು ಒಂಚೂರೂ ತಡವರಿಸಲಿಲ್ಲವಾ? ಮರೆಯುವುದೇ ಆದರೆ ಮರೆಯುವಂಥದ್ದು ಏನು ಅಂತ ಒಮ್ಮೆ ಸರಿಯಾಗಿ ನೋಡಿಯೇ ಮರೆಯುವ. ನಾನು ಹೇಳುತ್ತಾ ಹೋಗುತ್ತೇನೆ. ಎಲ್ಲಾದರೂ ತಪ್ಪಿದ್ದರೆ ತಿದ್ದು, ನನ್ನ ಮಾತು ತಿದ್ದುವುದು ನಿನಗೆ ಹೊಸದಲ್ಲ.

ಅದು ಅರವತ್ತೊಂದರ ಮಳೆಗಾಲ. ನೀನು ಬೊಂಬಾಯಿಯ ಹಡಗು ರಿಪೇರಿಯ ಡಾಕಿನಲ್ಲಿ ಎಂಟು ವರ್ಷ ಫಿಟ್ಟರ್ ಕೆಲಸ ಮಾಡಿ ಬಂದು, ಕುಮಟೆಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟು ಒಂದು ವರ್ಷವಾಗಿತ್ತು. ನಮ್ಮ ಮಚವೆ ಅಲ್ಲಿಯವರೆಗೂ ಹಾಯಿಯನ್ನೇ ನಂಬಿದ್ದ ದೋಣಿ. ಗಾಳಿ ಬಿದ್ದರೆ ನಡುಗಡಲಲ್ಲಿ ನಿಲ್ಲಬೇಕು, ಬೇರೆಯವರ ಎಂಜಿನ್ ದೋಣಿಗಳು ಮೀನು ತಂದು ಮಾರಿ ಮುಗಿಸಿದ ಮೇಲೆ ನಮ್ಮದು ದಡಕ್ಕೆ ಬರಬೇಕು. ಭಟ್ಕಳದ ಬಂದರಿನಲ್ಲಿ ಮರಳು ಕಚ್ಚಿ ಬಿದ್ದ ಲಾಂಚೊಂದರ ಹಳೆಯ ಡೀಸೆಲ್ ಎಂಜಿನ್ನನ್ನು ನೋಡಿ ಬಂದವನು ನೀನು. "ಭಾವಾ, ಅದ್ರಲ್ಲಿ ಇನ್ನೂ ಜೀವ ಉಂಟು. ನಾ ಎಬ್ಬಿಸಿ ಕೊಡ್ತೆ" ಅಂದವನೂ ನೀನೇ. ನಿನ್ನ ಭಾವ ಆ ದಿನ ಖುಷಿಯಲ್ಲಿ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಮಳೆಗಾಲಕ್ಕೆ ದಡಕ್ಕೆಳೆದ ಮಚವೆಯ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ, ಪಕ್ಕದಲ್ಲಿ ಆ ಎಂಜಿನ್ನನ್ನು ಹಲಗೆಯ ಮೇಲೆ ಇಳಿಸಿದಿರಿ. ಅಯ್ಯಪ್ಪಾ, ಅದರ ಅವತಾರ! ಉಪ್ಪು ತಿಂದು ತಿಂದು ನಟ್ಟು ಯಾವುದು ತುಕ್ಕು ಯಾವುದು ಅಂತ ತಿಳಿಯುತ್ತಿರಲಿಲ್ಲ. ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ನೀನು ಎಂಟು ದಿನ ಸೀಮೆಎಣ್ಣೆ ಕುಡಿಸಿದೆ, ಮರದ ತುಂಡು ಇಟ್ಟು ಮೆಲ್ಲಗೆ ಬಡಿದೆ, ಬೈದೆ, ಮತ್ತೆ ಕುಡಿಸಿದೆ. ಒಂಬತ್ತನೇ ದಿನ ಅದು ಅಕ್ಕಿಕಾಳಿನಷ್ಟು ಜರುಗಿದಾಗ ನನ್ನ ಮೈದುನ ಸುಬ್ಬ ಹೊಯ್ಯೆಂದು ಕೂಗಿದ ಕೂಗಿಗೆ ಕೇರಿಯವರೆಲ್ಲ ಮಳೆಯಲ್ಲೇ ಓಡಿ ಬಂದಿದ್ದರು.

ನಾನೂ ಇದ್ದೆ ಅಣ್ಣಾ. ಅದನ್ನು ನೀನು ಬೇಕೆಂದೇ ಮರೆತಿದ್ದೀ. ಮೀನುಪೇಟೆಯಿಂದ ಬಂದು ಬುಟ್ಟಿ ತೊಳೆದಿಟ್ಟವಳೇ ಚಪ್ಪರಕ್ಕೆ ಬರುತ್ತಿದ್ದೆ. ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ನೀನು ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಜೋಡಿಸಿದವಳು ನಾನು. ವಾಲ್ವುಗಳನ್ನು ನನ್ನ ಕೈಗೆ ಕೊಟ್ಟು, ಬೂದಿ ಬಣ್ಣದ ಪೇಸ್ಟು ಹಚ್ಚಿ, "ಆಚೆ ಈಚೆ ತಿರುಗಿಸ್ತಾ ಇರು, ಸದ್ದು ಬದಲಾಗೂವರೆಗೆ ಬಿಡಬೇಡ" ಅಂದೆ. ಎರಡು ದಿನ ತಿರುಗಿಸಿದೆ, ಅಂಗೈ ಸುಲಿದುಹೋಯಿತು. ಕೂತ ವಾಲ್ವಿನ ಮೇಲೆ ನೀನು ಸೀಮೆಎಣ್ಣೆ ಸುರಿದು ಕೆಳಗೆ ಬೆರಳಿಟ್ಟು ನೋಡಿದೆ. ಒಂದು ಹನಿಯೂ ಇಳಿದಿರಲಿಲ್ಲ. "ಗಂಗೆ, ನೀನು ಅರ್ಧ ಫಿಟ್ಟರ್ ಆದೆ" ಅಂದೆ. ಹುಟ್ಟಿದಾಗಿನಿಂದ ನೀನು ನನಗೆ ಹೇಳಿದ ಒಳ್ಳೆಯ ಮಾತುಗಳಲ್ಲಿ ಅದು ಒಂದು. ನಾನು ಅದನ್ನು ನಂಬಿದ್ದೆ.

ನಿನಗೊಂದು ಮಾತಿನ ಚಾಳಿ ಇತ್ತು. ಡಾಕಿನಲ್ಲಿ ಯಾರೂ ಎಂಜಿನ್ ಅನ್ನುವುದಿಲ್ಲವಂತೆ, ಬೋಟ್ ಅಂದರೇ ಎಂಜಿನ್ನಂತೆ. ನೀನು ಅದನ್ನು ನಮ್ಮ ಮಾತಿಗೆ ತಂದು ದೋಣಿ ಅನ್ನುತ್ತಿದ್ದೆ. "ದೋಣಿ ಕೆಮ್ತದೆ", "ದೋಣಿಗೆ ಗಾಳಿ ಸೇರಿದೆ", "ದೋಣಿ ಬಿಸಿಯಾತು, ನಿಲ್ಸು". ಸುಬ್ಬನಿಗೆ ಅದು ದೊಡ್ಡ ತಮಾಷೆ. "ಅತ್ತಿಗೇ, ದೋಣಿಗೆ ಕೆಮ್ಮಂತೆ, ಒಂದು ಲೋಟ ಶುಂಠಿ ಕಷಾಯ ತಕಂಡು ಬಾ" ಅಂತ ಕೂಗುತ್ತಿದ್ದ. ನೀನೂ ನಗುತ್ತಿದ್ದೆ. ಆಗ ಎಲ್ಲರೂ ನಗುತ್ತಿದ್ದೆವು.

ನೂಲುಹುಣ್ಣಿಮೆಗೆ ಆರು ದಿನ ಇರುವಾಗ ಎಂಜಿನ್ನು ಮಚವೆಯೊಳಗೆ ಕೂತಿತು. ತಂಪಿಗೆ ಪೀಪಾಯಿಯಲ್ಲಿ ನೀರಿಟ್ಟು, ನಿನ್ನ ಭಾವ ಮತ್ತು ಸುಬ್ಬ ಇಬ್ಬರೂ ಸೇರಿ ಹ್ಯಾಂಡಲ್ ತಿರುಗಿಸಿದರು. ಮೂರನೇ ಸಲಕ್ಕೆ ಅದು ಎದ್ದಿತು. ಒಂದು ತಾಸು ಓಡಿಸಿದಿರಿ. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದರು. ಮಾರನೇ ದಿನ ನಿನ್ನ ಭಾವ ಮತ್ತು ಸುಬ್ಬ ಹಗ್ಗ ತರಲು ಭಟ್ಕಳಕ್ಕೆ ಹೋದರು, ನಾನು ಪೇಟೆಗೆ ಹೋದೆ. ನೀನೊಬ್ಬನೇ ಚಪ್ಪರದಲ್ಲಿ ಉಳಿದು ಎಂಜಿನ್ನಿನ ಹೊಟ್ಟೆಯಲ್ಲಿದ್ದ ಎಣ್ಣೆಯನ್ನೆಲ್ಲ ಬಸಿದು ಹೊರಗೆ ಹಾಕಿದೆ. ಮೊದಲ ಓಟದ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಅದನ್ನು ತೆಗೆದು ಹೊಸತು ಹಾಕಬೇಕು, ಅದು ಸರಿಯಾದ ಕೆಲಸವೇ ಅಂತೆ. ಆದರೆ ಬಸಿದದ್ದನ್ನು ನೋಡಿದವರು ಯಾರೂ ಇಲ್ಲ. ಹೊಸ ಎಣ್ಣೆಯ ಡಬ್ಬ ಮೂಲೆಯಲ್ಲಿತ್ತು. ನಿನ್ನ ಭಾವ ಅದನ್ನು ಮುಂದಿನ ತಿಂಗಳಿಗೆ ತೆಗೆದಿಟ್ಟದ್ದು ಅಂದುಕೊಂಡರು.

ನೀನು ಹೊಸತನ್ನು ಹಾಕುವಷ್ಟರಲ್ಲಿ ಕುಮಟೆಯಿಂದ ಆಳು ಬಂದ. ಯಾರದೋ ದೊಡ್ಡವರ ಲಾಂಚು ಕೆಟ್ಟು ನಿಂತಿತ್ತು. ನಾನು ಪೇಟೆಯಿಂದ ಬರುವಾಗ ನೀನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗಿತ್ತು, ತಾರಿಯ ದೋಣಿಯಲ್ಲಿ ಹೊಳೆ ದಾಟಿ ಮಧ್ಯಾಹ್ನದ ಬಸ್ಸು ಹಿಡಿಯುವ ಗಡಿಬಿಡಿ. ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದೆ: "ಭಾವಂಗೆ ಹೇಳು, ದೋಣಿಗೆ ಎಣ್ಣೆ ಹಾಕೂಕೆ. ಎಣ್ಣೆ ಹಾಕದೆ ನೀರಿಗೆ ಇಳ್ಸೂದು ಬ್ಯಾಡ. ಹುಣ್ಣಿಮೆಗೆ ನಾ ಬತ್ತೆ."

ಇದು ನಿನ್ನ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಸಂಜೆ ನಿನ್ನ ಭಾವ ಬಂದಮೇಲೆ ಹಾಗೆಯೇ ಹೇಳಿದೆ. ಅವರಿಗೆ ಅದರಲ್ಲಿ ಕೇಳುವಂಥದ್ದೇನಿತ್ತು? ನಮ್ಮಲ್ಲಿ ಯಾವ ಕಾಲದಿಂದಲೋ ದೋಣಿಗೆ ಎಣ್ಣೆ ಹಾಕುವುದು ಅಂದರೆ ಏನು ಅಂತ ಕೂಸಿಗೂ ಗೊತ್ತು. ಮಳೆಗಾಲ ಮುಗಿದು ದೋಣಿಯನ್ನು ನೀರಿಗಿಳಿಸುವ ಮೊದಲು ಹಲಗೆಗಳಿಗೆಲ್ಲ ಮೀನೆಣ್ಣೆ ಬಳಿಯುವುದು. "ಅದನ್ನು ಇವ ಹೇಳಿ ಕೊಡಬೇಕಾ?" ಅಂತ ನಕ್ಕರು. ಮರುದಿನ ಅವರು, ಸುಬ್ಬ, ನಾನು ಮೂವರೂ ಕೂತು ಹೊರಗೂ ಒಳಗೂ ಎರಡೆರಡು ಸಲ ಬಳಿದೆವು. ಯಾವ ಎಣ್ಣೆ ಅಂತ ನಿನ್ನನ್ನು ನಾನು ಕೇಳಲಿಲ್ಲ. ವಾಲ್ವು ತಿರುಗಿಸಿದವಳು, ಎಂಜಿನ್ನಿಗೂ ಎಣ್ಣೆ ಬೇಕು ಅಂತ ತಿಳಿದವಳು, ನಿನ್ನ ಚಾಳಿ ಗೊತ್ತಿದ್ದವಳು ನಾನು. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಅಷ್ಟು ತಪ್ಪು ನನ್ನದು, ಅದನ್ನು ನಾನು ಯಾರ ತಲೆಗೂ ಕಟ್ಟಿಲ್ಲ.

ಹುಣ್ಣಿಮೆಗೆ ನೀನು ಬರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಕಾದರು. ಎಲ್ಲ ದೋಣಿಗಳೂ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹೊರಟಮೇಲೆ ನಿನ್ನ ಭಾವನಿಗೆ ತಡೆಯಲಾಗಲಿಲ್ಲ. ಎಂಜಿನ್ನಿನ ಮಚವೆ ಅಂತ ಊರೆಲ್ಲ ದಂಡೆಗೆ ಬಂದು ನಿಂತಿತ್ತು. ಅದೇ ಹುರುಪಿನಲ್ಲಿ ಹಾಯಿಯನ್ನು ಸುತ್ತಿ ಗಟ್ಟಿಯಾಗಿ ಕಟ್ಟಿಟ್ಟರು, ಇನ್ನು ಅದರ ಹಂಗು ಎಂತಕ್ಕೆ ಅಂತ. ದೋಣಿ ಕಟ್ಟುವ ಧಕ್ಕೆಯಿಂದ ಅಳಿವೆಯ ಬಾಯಿಯವರೆಗೆ ಹತ್ತೇ ನಿಮಿಷ. ನದಿ ಸಮುದ್ರ ಸೇರುವ ಆ ಜಾಗ ಹೇಗೆ ಅಂತ ನಿನಗೆ ಹೇಳಬೇಕಾಗಿಲ್ಲ. ಇಳಿತದ ನೀರು ಹೊರಗೆ ನೂಕುತ್ತದೆ, ಅಲೆ ಒಳಗೆ ನೂಕುತ್ತದೆ. ಸರಿಯಾಗಿ ಅಲ್ಲಿ ಎಂಜಿನ್ನು ಒಂದು ಸಲ ಕಿರುಚಿ ನಿಂತುಹೋಯಿತು. ನಾನು ದಂಡೆಯಲ್ಲಿ ನಿಂತು ಕೇಳಿದೆ.

ಮಚವೆ ಅಡ್ಡ ತಿರುಗಿತು. ಸುಬ್ಬ ಹಾಯಿ ಬಿಚ್ಚಲು ಓಡಿದ. ಕಟ್ಟು ಬಿಚ್ಚಿಕೊಂಡ ಕೂಡಲೇ ಅಲೆ ಹೊಡೆಯಿತು, ಹಾಯಿಯ ಅಡ್ಡಮರ ಬೀಸಿ ಬಂದು ಅವನ ತಲೆಗೆ ತಾಗಿತು. ನೀರಿಗೆ ಬಿದ್ದವನು ಮೇಲೆ ಬರಲಿಲ್ಲ. ಮಚವೆಯನ್ನೂ ನಿನ್ನ ಭಾವನನ್ನೂ ಅಲೆಯೇ ದಂಡೆಗೆ ತಂದು ಹಾಕಿತು. ಸುಬ್ಬ ಎರಡು ದಿನ ಬಿಟ್ಟು ದಡಕ್ಕೆ ಬಂದ. ಇಪ್ಪತ್ನಾಲ್ಕು ವರ್ಷ ಅವನಿಗೆ. ಮುಟ್ಟಳ್ಳಿಯ ಕಡೆ ಹೆಣ್ಣು ನೋಡಿ ಮಾತಾಗಿತ್ತು. ನನ್ನ ಮದುವೆಯಾದಾಗ ಹನ್ನೆರಡರ ಹುಡುಗ, ನನ್ನ ಕೈಯಡುಗೆ ತಿಂದು ಬೆಳೆದವನು.

ನೀನು ಹನ್ನೊಂದನೇ ದಿನಕ್ಕೆ ಬಂದೆ. ಕೇರಿಯ ಹಿರಿಯ ಬುದವಂತರು ಮತ್ತು ಹತ್ತು ಜನ ಚಪ್ಪರದಲ್ಲಿ ಸೇರಿದ್ದರು. ನೀನು ಎಂಜಿನ್ನಿನ ಕೆಳಗಿನ ತಿರುಪು ಬಿಚ್ಚಿದೆ. ಒಳಗೆ ಒಣಗಿಹೋಗಿತ್ತು. ಆಗ ನಿನ್ನ ಮುಖ ನಾನು ನೋಡಿದೆ ಅಣ್ಣಾ. ನಿನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಹಲಗೆಗಳಿಂದ ಹೊಸ ಮೀನೆಣ್ಣೆಯ ವಾಸನೆ ಇನ್ನೂ ಬರುತ್ತಿತ್ತು, ನಿನ್ನ ಮೂಗಿಗೆ ಬಡಿಯಲಿಲ್ಲ ಅನ್ನಬೇಡ. ನೀನು ತಲೆಯೆತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಎಂಜಿನ್ನಿಗೆ ಎಣ್ಣೆ ಹಾಕೂಕೆ ತಂಗಿ ಹತ್ರ ಹೇಳಿ ಹೋಗಿದ್ದೆ."

ಎಂಜಿನ್ನಿಗೆ! ಮೂರು ತಿಂಗಳಲ್ಲಿ ನಿನ್ನ ಬಾಯಲ್ಲಿ ಒಮ್ಮೆಯೂ ಬಾರದ ಮಾತು ಆ ದಿನ ಎಲ್ಲಿಂದ ಬಂತು? ನಾನು ಚಪ್ಪರದ ಅಂಚಿನಲ್ಲಿ ನಿಂತವಳು ಕೂಗಿದೆ, "ಅಲ್ಲ ಅಣ್ಣಾ, ನೀ ದೋಣಿ ಅಂದಿದ್ದು" ಅಂತ. ನೀನು ನನ್ನ ಕಡೆ ತಿರುಗದೆ ಬುದವಂತರಿಗೆ ಹೇಳಿದೆ: "ಹೆಂಗಸರಿಗೆ ದೋಣಿ ಯಾವುದು, ಎಂಜಿನ್ ಯಾವುದು ಅಂತ ಎಂತ ಗೊತ್ತು?" ಅಷ್ಟೇ. ಹತ್ತು ಜನ ತಲೆಯಾಡಿಸಿದರು. ನಿನ್ನ ಭಾವ ನನ್ನ ಮುಖ ನೋಡಿದರು. ಆ ನೋಟ ನಾನು ಸಾಯುವಾಗಲೂ ನನ್ನ ಕಣ್ಣಲ್ಲಿರುತ್ತದೆ. ಬುದವಂತರು ದೊಡ್ಡ ಮನಸ್ಸು ಮಾಡಿ, ಹೆಣ್ಣುಮಗಳು ಮರೆತಿದ್ದಾಳೆ, ಬೇಕೆಂದು ಮಾಡಿದ್ದಲ್ಲ, ಇದನ್ನು ಬೆಳೆಸುವುದು ಬೇಡ ಅಂದರು. ನನ್ನನ್ನು ಕ್ಷಮಿಸಿಬಿಟ್ಟರು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದರೆ ಹೇಗಿರುತ್ತದೆ ಅಂತ ನಿನಗೇನು ಗೊತ್ತು!

ನಿನ್ನ ಸಂಕಟ ನನಗೆ ತಿಳಿಯಲಿಲ್ಲ ಅಂತಲ್ಲ. ವರ್ಕ್‌ಶಾಪು ಹೊಸತು, ಈರ ಫಿಟ್ಟರ್ ರಿಪೇರಿ ಮಾಡಿದ ಎಂಜಿನ್ನು ಒಬ್ಬನನ್ನು ತಿಂದಿತು ಅಂದರೆ ಕಾರವಾರದಿಂದ ಭಟ್ಕಳದವರೆಗೆ ಯಾರೂ ನಿನ್ನ ಹತ್ತಿರ ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಎರಡು ಮಕ್ಕಳು ನಿನಗೆ. ನೀನು ನನ್ನನ್ನು ಮರೆಗೆ ಕರೆದು, ತಂಗೀ ಹೀಗಾಯಿತು, ನನ್ನ ಬಾಯಿ ತಪ್ಪಿತು, ನನ್ನನ್ನು ಉಳಿಸು ಅಂದಿದ್ದರೆ ನಾನೇ ಆ ಮಾತು ಒಪ್ಪಿಕೊಂಡುಬಿಡುತ್ತಿದ್ದೆನೇನೋ. ದೇವರಾಣೆ, ಒಪ್ಪಿಕೊಳ್ಳುತ್ತಿದ್ದೆ. ನೀನು ಕೇಳಲಿಲ್ಲ. ಊಟವನ್ನೂ ಮಾಡದೆ ಬಸ್ಸಿಗೆ ಹೊರಟುಬಿಟ್ಟೆ.

ಆಮೇಲೆ ಆರು ಮಳೆಗಾಲ ನಾನು ಈ ಮನೆಯಲ್ಲಿ ಹೇಗಿದ್ದೆ ಅಂತ ಕೇಳು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಉಣ್ಣಲು ಉಡಲು ಕಡಿಮೆ ಮಾಡಲಿಲ್ಲ. ಆದರೆ ನನ್ನ ಕೈಯಲ್ಲಿ ಯಾರೂ ಒಂದು ಮಾತು ಹೇಳಿ ಕಳಿಸಲಿಲ್ಲ. ನಿನ್ನ ಭಾವ ಏನು ಹೇಳುವುದಿದ್ದರೂ ಬೆಳ್ಳಿಯ ಹತ್ತಿರ ಹೇಳುವರು. ನಾನು ಎದುರೇ ಕೂತಿದ್ದರೂ "ಬೆಳ್ಳೀ, ನಾಳೆ ಶಿರಾಲಿಗೆ ಹೋಗ್ತೆ ಅಂತ ಆಯಿಗೆ ಹೇಳು" ಅಂತ ಅಜ್ಜಿಗೆ ಹೇಳಿಸುವರು. ಹತ್ತು ವರ್ಷದ ಹುಡುಗಿ ಮನೆಯ ಮಾತನ್ನೆಲ್ಲ ಹೊತ್ತು ಓಡಾಡಿತು. ಕೇರಿಯಲ್ಲಂತೂ ಅದೊಂದು ಗಾದೆಯೇ ಆಗಿಹೋಯಿತು. ಯಾವುದಾದರೂ ಸುದ್ದಿ ಮುಟ್ಟದಿದ್ದರೆ, ಕಾಗದ ಬಾರದಿದ್ದರೆ, "ಗಂಗೆ ಹತ್ರ ಹೇಳಿ ಕಳ್ಸಿದ ಹಾಂಗಾತು" ಅನ್ನುತ್ತಾರೆ. ಮೀನುಪೇಟೆಯಲ್ಲಿ ನನ್ನ ಬೆನ್ನ ಹಿಂದೆಯೇ ಅಂದು ನಕ್ಕಿದ್ದಾರೆ. ನಾನು ಮೀನು ಕೊಯ್ಯುತ್ತಾ ಕೇಳಿಸದ ಹಾಗೆ ಕೂತಿದ್ದೇನೆ.

ಹೋದ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಇಪ್ಪತ್ತು ದಿನ ಹಾಸಿಗೆಯಲ್ಲಿದ್ದರು, ಅವರ ಹೇಲು ಉಚ್ಚೆ ಬಳಿದವಳು ನಾನೇ. ಕೊನೆಯ ದಿನ ಭಟ್ಕಳದಲ್ಲಿರುವ ಅವರ ತಂಗಿಗೆ ಏನೋ ಹೇಳಿ ಕಳಿಸಬೇಕಿತ್ತು. ನಾನು ಕಾಲು ಒತ್ತುತ್ತಾ ಪಕ್ಕದಲ್ಲೇ ಕೂತಿದ್ದೆ. "ಲಕ್ಕಿಯನ್ನು ಕರೀರಿ" ಅಂದರು. ಪಕ್ಕದ ಮನೆಯ ಲಕ್ಕಿ ಬರುವಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಏನು ಹೇಳುವುದಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ನನ್ನ ಹತ್ತಿರ ಹೇಳಬಹುದಿತ್ತು, ನಾನು ಮುಟ್ಟಿಸುತ್ತಿದ್ದೆ. ತನ್ನ ಮಗನನ್ನು ಕೊಂದವಳು ಸೊಸೆಯೇ ಅಂತ ನಂಬಿಯೇ ಅವರು ಹೋದರು, ಅಣ್ಣಾ. ಇದಕ್ಕೆ ನೀನು ಎಂತ ರಿಪೇರಿ ಮಾಡ್ತೀ?

ಈಗ ನಿನ್ನ ಕಾಗದದ ವಿಷಯ. ನಿನ್ನ ಭಾವ ಅದನ್ನು ಬೆಳ್ಳಿಯ ಕೈಯಲ್ಲಿ ಓದಿಸಿದರು. ಸಂಬಂಧದ ಮಾತು ಓದುವಾಗ ಅವಳು ನಾಚಿ ಬೇಗ ಬೇಗ ಓದಿದಳು. ಕೊನೆಗೆ ನಿನ್ನ ಕೆಲಸದ ಬಡಾಯಿ ಬಂತು. ನಾನು ಅದನ್ನು ನಿನ್ನ ಅಕ್ಷರದಲ್ಲೇ ಇಲ್ಲಿ ಬರೆಯುತ್ತೇನೆ: "ಇಲ್ಲಿ ಪುರುಸೊತ್ತಿಲ್ಲ. ನನ್ನ ಸ್ವಂತ ದೋಣಿಗೆ ಎಣ್ಣೆ ಹಾಕದೆ ನಾಲ್ಕು ತಿಂಗಳಾಯಿತು, ಕರೀ ಹೊಗೆ ಕಾರುತ್ತಾ ಇದೆ." ಬೆಳ್ಳಿ ಅಲ್ಲಿಗೆ ನಿಂತು ಕೇಳಿದಳು, "ದೋಣಿ ಎಂತಕ್ಕೆ ಹೊಗೆ ಕಾರ್ತದೆ ಅಮ್ಮಾ?"

ನಿನ್ನ ಭಾವ ಎಲೆಯಡಿಕೆಯ ಕವಳ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಆ ಸಾಲನ್ನು ಇನ್ನೊಮ್ಮೆ ಓದು ಅಂದರು. ಮತ್ತೊಮ್ಮೆ ಓದು ಅಂದರು. ಎದ್ದು ಹೊರಗೆ ಹೋದರು. ಒಳಗೆ ಬಂದು ಆರೂವರೆ ವರ್ಷದ ಮೇಲೆ ನನ್ನ ಹೆಸರು ಹಿಡಿದು ನನ್ನನ್ನೇ ಕೇಳಿದರು: "ಗಂಗೇ, ಆ ದಿನ ಅವ ನಿನ್ನ ಹತ್ರ ಹೀಂಗೇ ಹೇಳಿದ್ನಾ?"

ನನಗೆ ಸಂತೋಷವಾಯಿತು ಅಂದುಕೊಂಡೆಯಾ? ಮೈಯೆಲ್ಲ ಉರಿಯಿತು. ಆಗ ನಾನು ಕಣ್ಣೀರು ಹಾಕಿ, ದೇವರ ಮುಂದೆ ದೀಪ ಮುಟ್ಟಿ ಹೇಳಿದ್ದು ಅವರಿಗೆ ಸಾಲಲಿಲ್ಲ. ಸುಳ್ಳು ಹೇಳಿದವನು ಮೈಮರೆತು ಬರೆದ ಒಂದು ಸಾಲು ಸಾಕಾಯಿತು. "ಹೌದು, ಹೀಂಗೇ" ಅಂದೆ. ಅವರು ಅತ್ತರು. ಅವರನ್ನು ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಬೇಜಾರಾಗಿದೆ, ಆದರೂ ಆಗಲಿಲ್ಲ.

ಮಾರನೇ ದಿನ ಕಾಗದ ತೆಗೆದುಕೊಂಡು ಬುದವಂತರ ಮನೆಗೆ ಹೋದರು. ಕೇರಿಗೆಲ್ಲ ಗೊತ್ತಾಗಿದೆ. ಈಗ ಎಲ್ಲರೂ ಜಗಲಿಗೆ ಬಂದು ಪಾಪ ಗಂಗೆ ಅನ್ನುತ್ತಾರೆ. ನಿನ್ನೆ ಲಕ್ಕಿ ಬಂದು, ಪೇಟೆಗೆ ಹೋಗುವ ದಾರಿಯಲ್ಲಿ ತನ್ನ ಮಗಳಿಗೆ ಒಂದು ಮಾತು ಹೇಳು ಅಂದಳು. ಬೇರೆ ಯಾರ ಹತ್ತಿರವಾದರೂ ಹೇಳು ಮಾರಾಯ್ತಿ ಅಂದೆ. ಅವಳ ಮುಖ ಸಣ್ಣದಾಯಿತು, ಆಗಲಿ.

ಇನ್ನು ನಿನಗೆ ಉತ್ತರ. ನಿನ್ನ ಭಾವ ಸಿಟ್ಟಿನಲ್ಲಿ ಕುಮಟೆಗೆ ಬಂದು ನಿನ್ನ ವರ್ಕ್‌ಶಾಪಿನ ಮುಂದೆ ನಿಂತು ಕೂಗುತ್ತೇನೆ ಅಂದರು. ನಾನು ಬೇಡ ಅಂದೆ. ನಿನ್ನ ಮಕ್ಕಳು ಕೇಳುತ್ತಾರೆ, ಅತ್ತಿಗೆ ಕೇಳುತ್ತಾಳೆ, ಅವರು ನನಗೇನು ಮಾಡಿದ್ದಾರೆ? ನೀನು ಇಲ್ಲಿಗೆ ಬಂದು ಹತ್ತು ಜನರ ಮುಂದೆ ತಪ್ಪೊಪ್ಪಿಕೋ ಅಂತಲೂ ನಾನು ಕೇಳುವುದಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಮುದುಕಿ ಈಗಿಲ್ಲ. ಸಂಬಂಧದ ಮಾತಿಗೆ ನಾನು ಹೂಂ ಉಹುಂ ಏನೂ ಅನ್ನದೆ, ನಡೆದದ್ದನ್ನೆಲ್ಲ ಬೆಳ್ಳಿಯನ್ನು ಕೂರಿಸಿಕೊಂಡು ಹೇಳಿದೆ. ವೆಂಕಟ ಒಳ್ಳೆಯ ಹುಡುಗ ಅಂತಲೂ ಹೇಳಿದೆ. ನಿನ್ನ ಮನಸ್ಸಿಗೆ ಬಂದದ್ದು ಹೇಳು, ಹಾಗೆಯೇ ಬರೆಯುತ್ತೇನೆ ಅಂದೆ. ಅವಳು ಎರಡು ದಿನ ತೆಗೆದುಕೊಂಡಳು. ಇಂದು ಬೆಳಿಗ್ಗೆ ನೀರು ಸೇದುತ್ತಾ ಹೇಳಿದಳು:

"ಆ ಮನೆಯಲ್ಲಿ ನಾ ಬಾಯಿ ತೆಗೆದರೆ ಪ್ರತಿ ಮಾತಿಗೂ ಸಾಕ್ಷಿ ಬೇಕಾಗ್ತದೆ. ನಾ ಬರೂದಿಲ್ಲ ಅಂತ ಮಾವಂಗೆ ಬರಿ."

ಬರೆದಿದ್ದೇನೆ.

ಅತ್ತಿಗೆಗೆ ನನ್ನ ನಮಸ್ಕಾರ. ವೆಂಕಟನಿಗೆ ಬೇಗ ಒಳ್ಳೆಯ ಕಡೆಯ ಹೆಣ್ಣು ಸಿಗಲಿ, ಅವನ ಸಂಸಾರ ತುಂಬಿರಲಿ. ನಿನಗೆ ಆಯುಷ್ಯ ಆರೋಗ್ಯ ಕೊಡು ಅಂತ ದೇವರಲ್ಲಿ ಬೇಡುತ್ತೇನೆ. ಬೇಡುವಾಗ ಬಾಯಿ ಕಹಿಯಾಗುತ್ತದೆ, ಆದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ ಬೇಡುತ್ತೇನೆ.

ಇಂತು, ನಿನ್ನ ತಂಗಿ
ಗಂಗೆ